ಬಲ್ಬಿಗೆ ಹಿಡಿದು ನೋಡಿದ ಗಾಜು

ಬೀದರಿನ ಐಟಿಐಯಲ್ಲಿ ವೆಲ್ಡಿಂಗ್ ಕಲಿಯುತ್ತಿರುವ ನಿಮ್ಮ ಮುಂದೆ ಹೋದ ಮಳೆಗಾಲದಲ್ಲಿ ನಾನು ಅರ್ಧ ತಾಸು ಮಾತಾಡಿದೆ. ನಿಮ್ಮ ಮಾಸ್ತರರು ಶಾಲು ಹೊದಿಸಿದರು, ನೀವು ಚಪ್ಪಾಳೆ ಹೊಡೆದಿರಿ. ಆ ಅರ್ಧ ತಾಸಿನಲ್ಲಿ ನಾನು ಒಂದು ಸುಳ್ಳು ಹೇಳಿದ್ದೇನೆ. ಔರಾದಿನಲ್ಲಿರುವ ನನ್ನ ತಂಗಿಯ ಮಗ ಧನರಾಜನ ಕಣ್ಣು ಹೇಗೆ ಹೋಯಿತು ಎಂಬ ಬಗ್ಗೆ. ಆ ಸುಳ್ಳನ್ನು ನಂಬಿ ನಡೆದರೆ ನಾಳೆ ನಿಮ್ಮ ಕಣ್ಣೂ ಹೋಗುತ್ತದೆ. ಅದಕ್ಕೆ ಕೂತು ಬರೆಯುತ್ತಿದ್ದೇನೆ. ಬರೆದು ರೂಢಿಯಿಲ್ಲ, ಹಿಂದುಮುಂದಾದರೆ ಸಹಿಸಿಕೊಳ್ಳಿ.

ನಾನು ಭಾಲ್ಕಿಯವನು. ಆರನೆಯ ಇಯತ್ತೆಗೆ ಶಾಲೆ ಬಿಟ್ಟೆ. ಬಡತನ ಬಿಡಿಸಿತು ಎಂದು ಹೇಳಿಕೊಳ್ಳುವವರಿದ್ದಾರೆ. ನನ್ನನ್ನು ಯಾರೂ ಬಿಡಿಸಲಿಲ್ಲ, ನನಗೇ ಬೇಡವಾಗಿತ್ತು. ಕನ್ನಡ ಓದುತ್ತೇನೆ, ಮರಾಠಿ ಓದುತ್ತೇನೆ, ಹಿಂದಿ ಉರ್ದು ಬಾಯಿಗೆ ಬರುತ್ತವೆ. ಇಂಗ್ಲಿಷಿನಲ್ಲಿ ಮಾತ್ರ ಅಕ್ಷರ ಗೊತ್ತು, ಅಂಕಿ ಗೊತ್ತು, ಮುಂದೆ ಕತ್ತಲೆ. ಈ ಕತ್ತಲೆಯ ಮಾತನ್ನು ನನ್ನ ದುಡಿಮೆಯ ಕಾಲದಲ್ಲಿ ಒಬ್ಬರ ಮುಂದೆಯೂ ಆಡಿದವನಲ್ಲ. ಕಾಗದ ಕೊಟ್ಟರೆ ಓದಿದವನಂತೆ ಮೇಲಿನಿಂದ ಕೆಳಗೆ ಕಣ್ಣಾಡಿಸಿ ಮಡಚಿ ಇಟ್ಟುಕೊಳ್ಳುತ್ತಿದ್ದೆ.

ಕೆಲಸ ಕಲಿತದ್ದು ಬೀದರಿನಲ್ಲಿ, ಗಾಂಧಿ ಗಂಜ್ ಎಂಬ ಕಾಳಿನ ಪೇಟೆಯ ಹಿಂದಿನ ಓಣಿಯಲ್ಲಿದ್ದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ. ಹಮಾಲರ ಕೈಗಾಡಿಯ ಅಚ್ಚು, ಲಾರಿಯ ಹಿಂಬದಿಯ ಫಾಳಕೆ, ಕಮಠಾಣ ಬಗದಲ್ ಕಡೆಯಿಂದ ಬರುವ ಟ್ರ್ಯಾಕ್ಟರ್ ಟ್ರಾಲಿ, ಇವೇ ಕೆಲಸ. ಅಂಗಡಿಯ ಉಸ್ತಾದ್ ರಹೀಂ. ಕಣ್ಣಿಗೆ ಅಡ್ಡ ಹಿಡಿಯುವ ಕರಿ ಕೈಗಾಜು ಅಂಗಡಿಗೆಲ್ಲ ಒಂದೇ ಇತ್ತು, ಅದು ಅವನ ಕೈಯಲ್ಲಿ. ತಗಡು ಹಿಡಿಯುವವರಿಗೆ, ಜೋಡಣೆಗೆ ಬೆಸುಗೆಯ ಚುಕ್ಕಿ ಹಾಕುವವರಿಗೆ ಗಾಜು ಇರಲಿಲ್ಲ.

"ಕಣ್ಣ ಮುಚ್ಚು, ಚುಕ್ಕಿ ಇಡು, ಕಣ್ಣ ತಗಿ," ಎನ್ನುತ್ತಿದ್ದ ಉಸ್ತಾದ್. "ದೇವರು ಎರಡು ರೆಪ್ಪಿ ಪುಕ್ಸಟ್ಟೆ ಕೊಟ್ಟಾನ ಬೇಟಾ, ಗಾಜಿಗಿ ಯಾಕ ಅಳ್ತಿ?"

ಮೊದಲ ವಾರದಲ್ಲೇ ನನಗೆ ಬೆಳಕು ಹೊಡೆಯಿತು. ಕೆಲಸ ಮಾಡುವಾಗ ಏನೂ ಅನಿಸುವುದಿಲ್ಲ. ಸಂಜೆಯ ರೈಲಿನಲ್ಲಿ ಭಾಲ್ಕಿಗೆ ಬರುವಷ್ಟರಲ್ಲಿ ಎರಡೂ ಕಣ್ಣಿಗೆ ಹಿಡಿ ಮರಳು ಹಾಕಿ ಉಜ್ಜಿದಂತಾಯಿತು. ಅವ್ವ ಕೈ ಹಿಡಿದು ಪಕ್ಕದ ಮನೆಯ ಬಾಣಂತಿಯ ಹತ್ತಿರ ಕರೆದುಕೊಂಡು ಹೋದಳು, ಕಣ್ಣಿಗೆ ಎರಡು ಹನಿ ಎದೆಹಾಲು ಹಿಂಡಿಸಲು. ಆಗ ಎಲ್ಲ ಮನೆಯಲ್ಲೂ ಅದೇ ಮದ್ದು. ಆ ಹೆಣ್ಣುಮಗಳು ನಕ್ಕು, "ಮೀಸಿ ಬರೋ ಮಗ ನನಗ ಯಾವಾಗ ಹುಟ್ಟಿದ್ನವ್ವಾ?" ಎಂದಳು. ನಾಚಿಕೆಗೆ ಆ ಕಣ್ಣು ಇನ್ನಷ್ಟು ಉರಿಯಿತು. ಮರುದಿನ ಮಧ್ಯಾಹ್ನಕ್ಕೆ ಎಲ್ಲ ಸರಿಹೋಯಿತು. ನೀವು ಎದೆಹಾಲು, ಆಲೂಗಡ್ಡೆಯ ಹೋಳು ಯಾವುದನ್ನೂ ಕಣ್ಣಿಗೆ ಹಾಕಬೇಡಿ, ಡಾಕ್ಟರ ಹತ್ತಿರ ಹೋಗಿ. ಆದರೆ ನಾನು ಹೇಳಲು ಹೊರಟದ್ದು ಮದ್ದಿನ ಮಾತಲ್ಲ. ಆ ಸಂಜೆಯಿಂದ ನನ್ನ ತಲೆಯಲ್ಲಿ ಒಂದು ಪಾಠ ಕೂತುಬಿಟ್ಟಿತು: ಕೆಟ್ಟ ಬೆಳಕು ನೋವು ಕೊಡುತ್ತದೆ, ನೋವು ಕೊಡದ್ದು ಕೆಟ್ಟ ಬೆಳಕಲ್ಲ.

ಇನ್ನೊಂದು ಪಾಠವನ್ನೂ ಅಲ್ಲೇ ಕಲಿತೆ. ಹೊಸ ಗಾಜು ತಂದರೆ ಉಸ್ತಾದ್ ಅದನ್ನು ಉರಿಯುವ ಬಲ್ಬಿಗೆ ಹಿಡಿದು ನೋಡುತ್ತಿದ್ದ. ಬಲ್ಬಿನ ತಂತಿ ಕಂಡರೆ ಗಾಜು ಖೋಟಾ, ವಾಪಸ್ಸು. ಏನೂ ಕಾಣದಿದ್ದರೆ ಅಸಲಿ. ಬೀದರಿನ ಯಾವ ವೆಲ್ಡರನನ್ನು ಕೇಳಿದರೂ ಇದೇ ಪರೀಕ್ಷೆ ಹೇಳುತ್ತಾನೆ. ಕರಿದು ಎಷ್ಟೋ ಅಷ್ಟು ಒಳ್ಳೆಯದು. ನಾನೂ ಬದುಕೆಲ್ಲ ಹಾಗೇ ನಂಬಿದೆ.

ಬೀದರಿನಿಂದ ಯಾವ ದಿಕ್ಕಿಗೆ ಹೋದರೂ ಸಮುದ್ರ ದೂರ. ಆದರೂ ಪಡುವಣ ಕರಾವಳಿಯ ಒಂದು ಹಡಗು ಕಟ್ಟುವ ಯಾರ್ಡಿಗೆ ನಮ್ಮ ಕಡೆಯ ವೆಲ್ಡರುಗಳು ಹೋಗುತ್ತಿದ್ದರು. ಯಾರ್ಡಿನ ಹೆಸರು ಬೇಡ. ಒಬ್ಬ ಕಂತ್ರಾಟುದಾರ ಟ್ರಾಲಿಯ ಮೇಲಿನ ನನ್ನ ಬೆಸುಗೆ ನೋಡಿ, "ಬರ್ತಿಯೇನು, ಇದಕ್ಕಿಂತ ದೊಡ್ಡ ಟ್ರಾಲಿ ಅದ, ನೀರಿನ್ಯಾಗ ನಡೀತದ," ಎಂದ. ಹೋದವನು ನಿವೃತ್ತಿಯವರೆಗೆ ಅಲ್ಲೇ ಉಳಿದೆ.

ಹಡಗು ಎಂದರೆ ನೀವು ಫೋಟೋದಲ್ಲಿ ನೋಡುವ ಹೊರಮೈ. ನಾವು ಕೆಲಸ ಮಾಡುತ್ತಿದ್ದದ್ದು ಅದರ ಹೊಟ್ಟೆಯಲ್ಲಿ. ತಳದಲ್ಲಿ ಎರಡು ಪದರದ ನಡುವೆ ಕಬ್ಬಿಣದ ಗೂಡುಗಳಿರುತ್ತವೆ, ತೆವಳಿ ಹೋಗಬೇಕು. ಒಂದು ಗೂಡಿನಲ್ಲಿ ಬೆಸುಗೆ ಹತ್ತಿದರೆ ಪಕ್ಕದ ಗೂಡಿನವನ ಕಣ್ಣಿಗೆ ಹೊಡೆಯುತ್ತದೆ. ಅದಕ್ಕೆ ನಮ್ಮ ಭಾಲ್ಕಿ ಔರಾದಿನ ಗ್ಯಾಂಗಿನಲ್ಲಿ ಒಂದು ಪದ್ಧತಿ ಹುಟ್ಟಿತು. ಬೆಸುಗೆ ಹೊತ್ತಿಸುವ ಮೊದಲು "ಕಣ್!" ಎಂದು ಕೂಗುವುದು. ಕೂಗಿದ ತಕ್ಷಣ ಗಾಜಿದ್ದವನು ಗಾಜು ಇಳಿಸುತ್ತಾನೆ, ಇಲ್ಲದವನು ಮುಖ ತಿರುಗಿಸುತ್ತಾನೆ. ಬೆಳಕು ಆರಿದರೆ ಗಾಜು ಎತ್ತುತ್ತಾರೆ. ನೋಡನೋಡುತ್ತ ಒಡಿಶಾದವರು, ಬಿಹಾರದವರು ಎಲ್ಲರೂ "ಕಣ್" ಎನ್ನತೊಡಗಿದರು. ಅರ್ಥ ಗೊತ್ತಿಲ್ಲದೆ ಇಡೀ ಯಾರ್ಡು ನಮ್ಮ ಮಾತಿನಲ್ಲಿ ಕೂಗುವುದನ್ನು ಕೇಳಿದಾಗ ನನ್ನ ಎದೆ ಒಂದು ಗೇಣು ಉಬ್ಬುತ್ತಿತ್ತು.

ನನಗೆ ಹೆಸರು ಬಂದದ್ದು ಒಂದು ಬಿಳಿ ಟಾಂಕಿಯಿಂದ. ಹಡಗಿನ ಒಂದು ನೀರಿನ ಟಾಂಕಿಗೆ ಒಳಗೆಲ್ಲ ಬಿಳಿ ಬಣ್ಣ ಬಳಿದಿದ್ದರು. ಆಮೇಲೆ ಒಂದು ಬ್ರಾಕೆಟ್ ಬಿಟ್ಟುಹೋಗಿದೆ ಎಂದು ಬೆಸುಗೆಗೆ ಇಬ್ಬರನ್ನು ಇಳಿಸಿದರು. ಮೂಲೆಯಲ್ಲಿ ಮೂವರು ಪೇಂಟರುಗಳು ಬೆನ್ನು ತಿರುಗಿಸಿ ಗೋಡೆ ಬಳಿಯುತ್ತಿದ್ದರು. ಒಬ್ಬನೂ ಬೆಸುಗೆಯನ್ನು ನೋಡಿರಲಿಲ್ಲ. ಸಂಜೆಗೆ ಮೂವರ ಕಣ್ಣಲ್ಲೂ ಮರಳು. ಸೂಪರಿಂಟೆಂಡೆಂಟ್ ಸಾಹೇಬರು, "ನೋಡದೆ ಹೊಡೆಯುವ ಬೆಳಕು ಯಾವುದಿದೆ? ರಜೆ ಬೇಕಾಗಿ ನಾಟಕ," ಎಂದು ಬೈದರು. ನಾನು ಟಾಂಕಿಗೆ ಇಳಿದು ನೋಡಿದೆ. ಹೊಸ ಬಿಳಿ ಬಣ್ಣ ಕನ್ನಡಿಯಂತೆ ಬೆಳಕನ್ನು ಬೆನ್ನ ಹಿಂದಿನವನ ಎದುರಿಗೂ ತಂದು ಚೆಲ್ಲುತ್ತಿತ್ತು. ಕ್ಯಾಂಟೀನಿನಿಂದ ಖಾಲಿ ಗೋಣಿಚೀಲ ತರಿಸಿ, ಹೊಲಿದು, ನೀರಿನಲ್ಲಿ ಅದ್ದಿ ಸುತ್ತಲೂ ತೂಗು ಹಾಕಿಸಿದೆ. ಗಂಜಿನಲ್ಲಿ ಚೀಲಗಳ ನಡುವೆ ಕೆಲಸ ಕಲಿತವನಿಗೆ ಬೇರೆ ಏನು ಹೊಳೆಯಬೇಕು? ಮರುದಿನ ಯಾರ ಕಣ್ಣೂ ಕೆಂಪಾಗಲಿಲ್ಲ. ಸಾಹೇಬರು ಬೈದದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಆದರೆ ಟೂಲ್ ರೂಮಿನ ಬೀಗದ ಕೈ ಕೊಟ್ಟು, "ಇನ್ನು ಮೇಲೆ ಎಲ್ಲರ ಗಾಜು ನಿನ್ನ ಕೈಯಿಂದಲೇ ಹೋಗಲಿ," ಎಂದರು. ಜನ ನನ್ನನ್ನು ಕಣ್ಣಿನ ಮಿಸ್ತ್ರಿ ಎಂದು ಕರೆಯತೊಡಗಿದರು.

ಈ ಹೆಸರನ್ನು ನಾನು ಪುಕ್ಕಟೆ ಉಳಿಸಿಕೊಳ್ಳಲಿಲ್ಲ. ಕಡ್ಡಿಯ ಬೆಸುಗೆ ಹೋಗಿ ಗ್ಯಾಸಿನಲ್ಲಿ ತಂತಿ ಸುರಿಯುವ ಬೆಸುಗೆ ಬಂದಾಗ ಹತ್ತು ನಂಬರಿನ ಗಾಜು ಸಾಲದೆ ಹೋಯಿತು. ಅದಕ್ಕಿಂತ ಕರಿದಾದ ಹನ್ನೆರಡು ತರಿಸಲು ಸ್ಟೋರಿನ ಬಾಗಿಲಲ್ಲಿ ಎರಡು ದಿನ ಕೂತೆ. ಸೀಳು ಬಿಟ್ಟ ಗಾಜನ್ನು ಅಂಟು ಹಚ್ಚಿ ತಂದವನ ಎದುರಿಗೇ ಸುತ್ತಿಗೆಯಿಂದ ಪುಡಿ ಮಾಡುತ್ತಿದ್ದೆ. ಬೈಯುತ್ತಿದ್ದರು. ಆದರೂ ನನ್ನ ಕೈಯಿಂದ ಗಾಜು ಒಯ್ದವನ ಕಣ್ಣು ಕೆಟ್ಟಿತು ಎಂಬ ಮಾತು ಬಹಳ ವರ್ಷ ಯಾರ ಬಾಯಲ್ಲೂ ಬರಲಿಲ್ಲ.

ಧನರಾಜ ಯಾರ್ಡಿಗೆ ಬಂದದ್ದು ಆಗ. ಮದುವೆಯಾಗಿತ್ತು, ಕೈ ಚುರುಕು, ಮಾತು ಕಡಿಮೆ. ಚಿಕ್ಕಂದಿನಲ್ಲಿ ಜಾಲಿಮುಳ್ಳು ಬಡಿದು ಅವನ ಎಡಗಣ್ಣಿಗೆ ಹೂ ಬಿದ್ದಿತ್ತು. ಅದರಲ್ಲಿ ಬೆಳಕು ಕತ್ತಲೆ ಅಷ್ಟೇ ತಿಳಿಯುತ್ತಿತ್ತು. ನನ್ನ ತಂಗಿ ಸುಶೀಲಾ ಔರಾದಿನ ಬಸ್ ನಿಲ್ದಾಣದಲ್ಲಿ ಅವನನ್ನು ನನ್ನ ಪಕ್ಕಕ್ಕೆ ಕೂರಿಸಿ, "ಅಣ್ಣಾ, ಅವಂದು ಒಂದೇ ಕಣ್ಣದ. ಅದು ನಿನ್ನ ಕೈಯಾಗ ಕೊಟ್ಟೀನಿ ನೋಡು," ಎಂದಳು.

ಯಾರ್ಡಿನ ದವಾಖಾನೆಯಲ್ಲಿ ಕಣ್ಣಿನ ಪರೀಕ್ಷೆಯಿತ್ತು. ಗೋಡೆಯ ಮೇಲಿನ ಇಂಗ್ಲಿಷ್ ಅಕ್ಷರಗಳ ಬೋರ್ಡನ್ನು ನಾನು ಮೊದಲೇ ಹೋಗಿ ಬರೆದುಕೊಂಡು ಬಂದು ಅವನಿಗೆ ಬಾಯಿಪಾಠ ಮಾಡಿಸಿದೆ. ಬಲಗಣ್ಣು ಮುಚ್ಚಿಸಿದಾಗ ಅವನು ತಪ್ಪಿಲ್ಲದೆ ಒಪ್ಪಿಸಿದ. ಡಾಕ್ಟರರು ತಲೆಯೆತ್ತಿ ನೋಡದೆ ಒಳ್ಳೆಯ ದೃಷ್ಟಿ ಎಂದು ಬರೆದರು. ಹೊರಗೆ ಬಂದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಒಂದು ಕಣ್ಣಿನವನನ್ನು ನಾನೇ ಸುಳ್ಳು ಹೇಳಿಸಿ ಬೆಂಕಿಯ ಕೆಲಸಕ್ಕೆ ಸೇರಿಸಿದೆ. ಉಪಕಾರ ಮಾಡಿದೆ ಅಂದುಕೊಂಡಿದ್ದೆ.

ನಾಲ್ಕೈದು ವರ್ಷ ಅವನು ನನ್ನ ಮಾತು ಮೀರಲಿಲ್ಲ. "ಕಣ್" ಎಂದರೆ ಎಲ್ಲರಿಗಿಂತ ಮೊದಲು ಅವನ ಗಾಜು ಇಳಿಯುತ್ತಿತ್ತು.

ನನ್ನ ನಿವೃತ್ತಿ ಹತ್ತಿರವಿದ್ದಾಗ ತುಕ್ಕು ತೆಗೆಯುವ ಲೇಸರ್ ಯಂತ್ರ ಬಂತು. ಅಲ್ಲಿಯವರೆಗೆ ತುಕ್ಕು ಎಂದರೆ ಮರಳಿನ ಹೊಡೆತ, ಇಲ್ಲವೇ ಗ್ರೈಂಡರು, ದೂಳು, ಸದ್ದು. ಈ ಯಂತ್ರ ಒಂದು ಸಣ್ಣ ಕಪಾಟಿನಷ್ಟಿತ್ತು, ಅದಕ್ಕೊಂದು ಉದ್ದ ಕೇಬಲ್ಲು, ಕೇಬಲ್ಲಿನ ತುದಿಗೆ ಕೈಯಲ್ಲಿ ಹಿಡಿಯುವ ಗನ್ನು. ತುಕ್ಕಿನ ಮೇಲೆ ಆಡಿಸಿದರೆ ಚಿಟಿಚಿಟಿ ಎಂದು ಸಣ್ಣ ಕಿಡಿ, ಒಂದಿಷ್ಟು ಹೊಗೆ, ಕೆಳಗೆ ಬೆಳ್ಳಗೆ ಕಬ್ಬಿಣ. ನೋಡಿದವರೆಲ್ಲ ಬೆರಗಾದರು. ಯಂತ್ರದ ಮೈಮೇಲೆ ಹಳದಿ ಚೀಟಿ ಅಂಟಿಸಿದ್ದರು, ತುಂಬ ಇಂಗ್ಲಿಷ್. ನಾನು ರೂಢಿಯಂತೆ ಮೇಲಿನಿಂದ ಕೆಳಗೆ ಕಣ್ಣಾಡಿಸಿ ತಲೆಯಾಡಿಸಿದೆ.

ಯಂತ್ರದ ಜೊತೆಗೆ ಆರು ಕನ್ನಡಕ ಬಂದವು. ತಿಳಿ ಹಸಿರು. ಟೂಲ್ ರೂಮಿಗೆ ಒಯ್ದು ಒಂದನ್ನು ಬಲ್ಬಿಗೆ ಹಿಡಿದೆ. ಬಲ್ಬು ಕಂಡಿತು, ತಂತಿ ಕಂಡಿತು, ಬಲ್ಬಿನ ಮೇಲೆ ಕೂತ ನೊಣವೂ ಕಂಡಿತು.

ಆಗ ಯಾರ್ಡಿಗೆ ಸೇಫ್ಟಿ ಆಫೀಸರರಾಗಿ ಒಬ್ಬ ಹೆಣ್ಣುಮಗಳು ಬಂದಿದ್ದರು, ಕಲಿತವರು, ವಯಸ್ಸಿನಲ್ಲಿ ನನ್ನ ಮಗಳಷ್ಟು. ಎಲ್ಲರೂ ಮೇಡಂ ಎನ್ನುತ್ತಿದ್ದೆವು. ಅವರ ಹತ್ತಿರ ಹೋಗಿ, ಇದು ಮಕ್ಕಳ ಆಟದ ಕನ್ನಡಕ, ಮೋಸ ಹೋಗಿದ್ದೀರಿ ಎಂದೆ. ಅವರು ಕೂರಿಸಿ ಹಿಂದಿಯಲ್ಲಿ ಬಿಡಿಸಿ ಹೇಳಿದರು: ಈ ಲೇಸರಿನ ಬೆಳಕು ಕಣ್ಣಿಗೆ ಕಾಣುವ ಬೆಳಕೇ ಅಲ್ಲ. ನೀವು ನೋಡುವ ಕಿಡಿ ಸುಡುವ ತುಕ್ಕಿನದು, ಲೇಸರಿನದಲ್ಲ. ಈ ಹಸಿರು ಗಾಜು ಕಾಣುವುದನ್ನು ಬಿಡುತ್ತದೆ, ಆ ಕಾಣದ್ದನ್ನು ಮಾತ್ರ ತಡೆಯುತ್ತದೆ. ನಿಮ್ಮ ಕರಿ ಗಾಜು ಎಷ್ಟು ಕರಿದಾದರೂ ಇದಕ್ಕೆಂದು ಮಾಡಿದ್ದಲ್ಲ. ಯಂತ್ರ ನಡೆಯುವಾಗ ಸುತ್ತಲೂ ಪರದೆ ಇರಬೇಕು, ಒಳಗಿದ್ದವರಿಗೆಲ್ಲ ಹಸಿರು ಕನ್ನಡಕವೇ ಇರಬೇಕು.

"ತಿಳಿಯಿತೇ ಮಿಸ್ತ್ರಿಜಿ?" ಎಂದು ಕೇಳಿದರು.

"ಜೀವನ ಎಲ್ಲ ಬೆಂಕಿಯ ಮುಂದೆ ಕೂತವನು ನಾನು," ಎಂದೆ.

"ಇದು ಬೆಂಕಿಯಲ್ಲ," ಎಂದರು.

ಇಷ್ಟು ಬಿಡಿಸಿ ಹೇಳಿದ ಮೇಲೂ ನಾನು ಗ್ಯಾಂಗಿನ ನಡುವೆ ಕೂತು, "ಕಾಣದ ಬೆಳಕಂತ! ಕಾಣದ ಮದುಮಗಳಿಗಿ ತಾಳಿ ಕಟ್ಟು ಅಂದಂಗಾಯ್ತು," ಎಂದು ನಗಿಸಿದೆ. ಎಲ್ಲರೂ ನಕ್ಕರು, ಧನರಾಜನೂ ನಕ್ಕ.

ಅದಾಗಿ ಕೆಲ ದಿನಕ್ಕೆ ಮೇಡಂ ರಜೆಯ ಮೇಲಿದ್ದರು. ಪಂಪಿನ ಕೋಣೆಯಲ್ಲಿ ಒಂದು ಕೊಳವೆಯ ತುಕ್ಕು ಬೇಗ ತೆಗೆಯಬೇಕೆಂದು ಸಾಹೇಬರು ಅವಸರ ಮಾಡಿದರು. ಯಂತ್ರವನ್ನು ನಾನೇ ಹಿಡಿದೆ. ಕೊಳವೆ ತಿರುಗಿಸಲು ಒಬ್ಬ ಬೇಕಿತ್ತು, ಧನರಾಜನನ್ನು ಕರೆದೆ. ಪರದೆ ಕಟ್ಟಲಿಲ್ಲ, ಕೋಣೆ ಸಣ್ಣದು, ಬೇರೆ ಯಾರಿದ್ದಾರೆ ಎಂದುಕೊಂಡೆ.

ಈಗ ಗಾಜಿನ ಮಾತು. ಇದನ್ನು ನಿಧಾನವಾಗಿ ಓದಿ. ಟೂಲ್ ರೂಮಿನಲ್ಲಿ ಹಸಿರು ಕನ್ನಡಕ ಆರಕ್ಕೆ ಆರೂ ಇದ್ದವು. ನಾನು ಒಂದನ್ನು ಹಾಕಿಕೊಂಡೆ, ಗನ್ನು ಹಿಡಿದವನಿಗೆ ಕೆಲಸ ಕಾಣಬೇಕಲ್ಲ. ನನ್ನ ಕಣ್ಣಿಗೆ ಏನಾದರೂ ಆಗಲಿ, ಮುದುಕನಾದೆ ಎಂದುಕೊಂಡೆ. ಒಂದೇ ಕಣ್ಣಿನ ಆ ಮಗನಿಗೆ ಮಾತ್ರ ಆಟದ ಕನ್ನಡಕ ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ. ಕಪಾಟಿನ ಹಿಂದಿನಿಂದ ಹದಿಮೂರು ನಂಬರಿನ ಗಾಜು ತೆಗೆದೆ, ನನ್ನ ಹತ್ತಿರ ಇದ್ದುದರಲ್ಲೇ ಎಲ್ಲಕ್ಕಿಂತ ಕರಿದು. ಬಲ್ಬಿಗೆ ಹಿಡಿದು ನೋಡಿದೆ. ಏನೂ ಕಾಣಲಿಲ್ಲ. ಒರೆಸಿ ಟೊಪ್ಪಿಗೆಗೆ ಹಾಕಿ ನನ್ನ ಕೈಯಾರೆ ಅವನ ತಲೆಯ ಮೇಲಿಟ್ಟೆ.

"ಮಾಮಾ, ಮೇಡಂ ಹಸರಂದು ಹೇಳಿದ್ರಲ್ಲ?" ಎಂದ.

"ಅದು ದೊಡ್ಡವರ ಫ್ಯಾಶನ್. ನಿನಗ ಇದೇ ಇರ್ಲಿ. ನಿಮ್ಮವ್ವಗ ನಾ ಉತ್ತರ ಕೊಡಬೇಕು," ಎಂದೆ.

"ಕಣ್!" ಎಂದು ಕೂಗಿ ಗುಂಡಿ ಒತ್ತಿದೆ. ಅವನು ಗಾಜು ಇಳಿಸಿದ. ಬೆಸುಗೆಯಾಗಿದ್ದರೆ ಆ ಗಾಜಿನೊಳಗೂ ಹಸಿರು ಸೂರ್ಯನಂತೆ ಬೆಳಕು ಕಾಣುತ್ತಿತ್ತು. ಇಲ್ಲಿ ಆ ಸಣ್ಣ ಕಿಡಿ ಹದಿಮೂರು ನಂಬರನ್ನು ದಾಟಿ ಹೇಗೆ ಕಾಣಬೇಕು? ಅವನಿಗೆ ಬರೀ ಕತ್ತಲೆ. ಯಂತ್ರ ಇನ್ನೂ ಚಾಲೂ ಆಗಿಲ್ಲ ಎಂದುಕೊಂಡ. ಹೊಗೆ ಎಳೆಯುವ ಫ್ಯಾನಿನ ಸದ್ದಿನಲ್ಲಿ, ಚಾಲೂ ಆಯಿತೇ ಎಂದು ಅವನು ಕೇಳಿದ್ದು ನನಗೆ ಕೇಳಿಸಲಿಲ್ಲ. ಬೆಳಕು ಇಲ್ಲದಾಗ ಗಾಜು ಎತ್ತಬೇಕು ಎಂದು ಕಲಿಸಿದವನು ನಾನು. ಕಲಿಸಿದಂತೆ ಎತ್ತಿದ. ಕೊಳವೆಯ ತುದಿಯಲ್ಲಿ ಉಜ್ಜಿ ಹೊಳಪು ಕೊಟ್ಟ ಕಂಚಿನ ಬಿಲ್ಲೆಯಿತ್ತು. ನನ್ನ ಕೈ ಒಂದು ಗೇಣು ಅದರ ಮೇಲೆ ಜಾರಿತು, ಕಾಣದ ಬೆಳಕು ಕನ್ನಡಿಗೆ ಬಡಿದಂತೆ ಅವನ ಕಡೆಗೆ ತಿರುಗಿತು.

ಅವನು ಚೀರಲಿಲ್ಲ. ಕೊಳವೆ ಪೂರ್ತಿ ಮುಗಿಸಿದೆವು. ಚಹಾದ ಹೊತ್ತಿಗೆ ಹೇಳಿದ, "ಮಾಮಾ, ಕಣ್ಣಿನೊಳಗ ಏನೋ ಟಪ್ ಅಂತು. ಬಲ್ಬ್ ಒಡದಂಗ."

"ನೋಯ್ತದೇನು?"

"ಇಲ್ಲ."

ನೋವಿಲ್ಲ ಎಂದ ಮೇಲೆ ನನಗೆ ಸಮಾಧಾನ. ಸಂಜೆಯವರೆಗೆ ಕಾಯ್ದೆವು. ಮರಳು ಬರಲಿಲ್ಲ. "ಉಳಕೊಂಡಿ ಮಗನೇ," ಎಂದು ಬೆನ್ನು ತಟ್ಟಿ ಮೀನಿನ ಊಟ ಹಾಕಿಸಿದೆ. ಅವನು ತಟ್ಟೆಯಲ್ಲಿ ಕೈಯಾಡಿಸಿ ಹುಡುಕಿ ಹುಡುಕಿ ತಿನ್ನುತ್ತಿದ್ದ. ನಾನು ಮನಸ್ಸಿಗೆ ತಂದುಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಎದುರಿಗೆ ನಿಂತು ಹೇಳಿದ: "ಮಾಮಾ, ನಿನ್ನ ಮಾರಿ ಕಾಣವಲ್ದು. ಕಿವಿ ಕಾಣ್ತಾವ, ಟೊಪಿಗಿ ಕಾಣ್ತದ. ಮಾರಿ ಇದ್ದಲ್ಲಿ ಏನೂ ಇಲ್ಲ."

ದೊಡ್ಡ ದವಾಖಾನೆಯ ಡಾಕ್ಟರರು ಕಣ್ಣಿನ ಹಿಂಭಾಗದ ಪರದೆಯ ಚಿತ್ರ ತೆಗೆದು ತೋರಿಸಿದರು. ನಟ್ಟನಡುವೆ ಒಂದು ಸುಟ್ಟ ಚುಕ್ಕೆ. ನಾನು ಹಾಕುವ ಚುಕ್ಕಿಯಂತೆಯೇ, ದುಂಡಗೆ. ಆ ಪರದೆಗೆ ನೋವು ತಿಳಿಯುವುದಿಲ್ಲವಂತೆ. ಮದ್ದಿಲ್ಲ, ಆಪರೇಷನ್ನಿಲ್ಲ, ಅಂಚಿನಲ್ಲಿ ಕಾಣುವುದಷ್ಟೇ ಉಳಿದದ್ದು ಎಂದರು. ಇನ್ನೊಂದು ಕಣ್ಣಿದೆಯಲ್ಲ ಎಂದು ಅವರೇ ಧೈರ್ಯ ಹೇಳಿ, ಇನ್ನೊಂದಕ್ಕೆ ಟಾರ್ಚು ಬಿಟ್ಟು ನೋಡಿದರು. ಆಮೇಲೆ ಟಾರ್ಚು ಆರಿಸಿ ಕಾಗದದ ಮೇಲೆ ಬರೆಯತೊಡಗಿದರು.

ಯಾರ್ಡಿನಲ್ಲಿ ಕಾಗದ ತಯಾರಾಯಿತು. ಸಾಹೇಬರು ಅದನ್ನು ನನಗೆ ಹಿಂದಿಯಲ್ಲಿ ಓದಿ ಹೇಳಿದರು. ಕೆಲಸಗಾರನು ತನಗೆ ಕೊಟ್ಟ ರಕ್ಷಣೆಯ ಗಾಜನ್ನು ಕೆಲಸ ನಡೆಯುವಾಗ ತಾನಾಗಿಯೇ ಎತ್ತಿದ್ದರಿಂದ ಹೀಗಾಯಿತು ಎಂದಿತ್ತು.

"ಎತ್ತಿದ್ದು ನಿಜ ತಾನೇ?" ಎಂದರು.

ನಿಜ. ಯಾವ ಗಾಜು ಎಂದು ಆ ಕಾಗದ ಕೇಳಲಿಲ್ಲ. ಸಹಿ ಮಾಡಿದೆ. ಇಂಗ್ಲಿಷ್ ತಿಳಿಯದೆ ಮಾಡಿದೆ ಎಂಬ ನೆಪವೂ ನನಗಿಲ್ಲ.

ರಜೆ ಮುಗಿಸಿ ಬಂದ ಮೇಡಂ ಮಾತ್ರ ಕೇಳಿದರು. ಟೂಲ್ ರೂಮಿಗೆ ಬಂದು, ಬಾಗಿಲು ಹಾಕಿ, "ಮಿಸ್ತ್ರಿಜಿ, ಅವನಿಗೆ ಯಾವ ಕನ್ನಡಕ ಕೊಟ್ಟಿದ್ದಿರಿ?" ಎಂದರು.

"ಹಸಿರು," ಎಂದೆ.

ಅವರು ಗೂಟಕ್ಕೆ ತೂಗುಬಿದ್ದ ಆರು ಕನ್ನಡಕಗಳ ಕಡೆ ನೋಡಿದರು. ನಾನು ಬಳಸಿದ ಒಂದೇ ಒಂದರ ಮೇಲೆ ತುಕ್ಕಿನ ಪುಡಿಯಿತ್ತು. ಉಳಿದ ಐದರ ಮೇಲಿನ ಪ್ಲಾಸ್ಟಿಕ್ ಸಹ ಬಿಚ್ಚಿರಲಿಲ್ಲ. ನನ್ನ ಮುಖವನ್ನೂ ನೋಡಿದರು. ಬಾಗಿಲು ತೆಗೆದು ಹೋದರು. ಅವರು ಒಂದು ಮಾತು ಬೈದಿದ್ದರೆ ನಾನು ಹೇಳಿಬಿಡುತ್ತಿದ್ದೆನೇನೋ. ಅಥವಾ ಹೇಳುತ್ತಿರಲಿಲ್ಲ. ಸುಳ್ಳು ಹೇಳಿದವನಿಗೆ ಇಂಥ ನೆಪ ಬಹಳ ಸಿಗುತ್ತವೆ.

ಆಮೇಲೆ ಯಂತ್ರಕ್ಕೆ ಪರದೆ ಬಂತು, ಬಾಗಿಲು ತೆರೆದರೆ ಯಂತ್ರ ತಾನೇ ಆರುವಂಥ ಬೀಗ ಬಂತು, ಕನ್ನಡಕದ ಮೇಲಿನ ನಂಬರನ್ನು ಯಂತ್ರದ ನಂಬರಿಗೆ ಹೊಂದಿಸಿ ನೋಡಿ ಒಳಗೆ ಬಿಡುವ ಪದ್ಧತಿ ಬಂತು. ನಾನು ನಿವೃತ್ತನಾಗುವ ದಿನ ಹಾರ ಹಾಕಿದರು. ಇಷ್ಟು ವರ್ಷ ಎಲ್ಲರ ಕಣ್ಣು ಕಾಯ್ದವನು ಎಂದು ಸಾಹೇಬರು ಭಾಷಣ ಮಾಡಿದರು. ಹಾರ ಹಾಕಿಸಿಕೊಂಡು ನಿಂತಿದ್ದೆ.

ಧನರಾಜ ಔರಾದಿನಲ್ಲಿದ್ದಾನೆ. ಹೆಂಡತಿ ಅಂಗನವಾಡಿಯಲ್ಲಿ ಅಡುಗೆಗೆ ಹೋಗುತ್ತಾಳೆ. ಸುಶೀಲಾಳ ಹಿಟ್ಟಿನ ಗಿರಣಿಯಲ್ಲಿ ಇವನು ಬೀಸಿ ಬಿದ್ದ ಹಿಟ್ಟನ್ನು ಬೆರಳಿನಲ್ಲಿ ಉಜ್ಜಿ, ನುಣ್ಣಗಾಗಿದೆಯೋ ತರಿಯೋ ಹೇಳುತ್ತಾನೆ. ಯಾರನ್ನಾದರೂ ನೋಡಬೇಕಾದರೆ ಅವನು ಮುಖವನ್ನು ಬೇರೆ ಕಡೆ ತಿರುಗಿಸಬೇಕು. ಆಗ ಕಣ್ಣಂಚಿನಲ್ಲಿ ಆ ಮನುಷ್ಯ ಒಂದಿಷ್ಟು ಕಾಣುತ್ತಾನೆ. ನೇರ ನೋಡಿದರೆ ಎದುರಿಗಿದ್ದವನು ಇಲ್ಲವಾಗುತ್ತಾನೆ. ಗೊತ್ತಿಲ್ಲದವರು ಇವನಿಗೆ ಸೊಕ್ಕು, ಮಾತಾಡಿಸಿದರೆ ಮುಖ ತಿರುಗಿಸುತ್ತಾನೆ ಎನ್ನುತ್ತಾರೆ.

ನಾನು ಹೋದಾಗಲೆಲ್ಲ ಸುಶೀಲಾ ನನಗೆ ಬಿಸಿ ರೊಟ್ಟಿ ಬಡಿಸುತ್ತ, ಬಂದವರ ಮುಂದೆಲ್ಲ ಅದನ್ನೇ ಹೇಳುತ್ತಿದ್ದಳು: "ಮಾಮಾನ ಮಾತು ಕೇಳಿದ್ರ ಕಣ್ಣು ಉಳೀತಿತ್ತು ರೀ. ಗಾಜು ಎತ್ತಬ್ಯಾಡ ಅಂದ್ರ ಎತ್ತಿದ." ಧನರಾಜ ಒಂದು ದಿನವೂ ಅಲ್ಲ ಎನ್ನಲಿಲ್ಲ. "ನಾನೇ ಗಡಿಬಿಡಿ ಮಾಡ್ದೆ ಅವ್ವಾ," ಎನ್ನುತ್ತಿದ್ದ. ಅವನು ನನ್ನನ್ನು ಉಳಿಸಲು ಹಾಗೆ ಹೇಳುತ್ತಾನೆ ಎಂದು ಬಹಳ ದಿನ ತಿಳಿದಿದ್ದೆ. ಹಾಗಲ್ಲ, ಅವನು ಅದನ್ನು ನಂಬಿದ್ದ. ಕರಿ ಗಾಜು ಕಣ್ಣು ಕಾಯುತ್ತಿತ್ತು, ತಾನೇ ಎತ್ತಿ ಕಳೆದುಕೊಂಡೆ ಎಂದು. ಯಾಕೆಂದರೆ ಹಾಗೆ ಹೇಳಿದವನು ನಾನು.

ಅದೇ ಮಾತನ್ನು ನಿಮಗೂ ಹೇಳಿದೆ. "ನನ್ನ ಅಳಿಯ ಗಾಜು ಎತ್ತಿದ, ಕಣ್ಣು ಹೋಯಿತು. ಏನೇ ಆಗಲಿ ಗಾಜು ಎತ್ತಬೇಡಿ." ನೀವು ಚಪ್ಪಾಳೆ ಹೊಡೆದದ್ದು ಆ ಮಾತಿಗೆ.

ದೀಪಾವಳಿಯ ಹೊತ್ತಿಗೆ ಬೀದರಿನಲ್ಲಿ ಸ್ಟೀಲಿನ ಕಟಕಟೆ ಮಾಡುವ ಒಂದು ಅಂಗಡಿಯ ಮುಂದೆ ಹಾದುಹೋಗುತ್ತಿದ್ದೆ. ಒಳಗೆ ಲೇಸರಿನ ಬೆಸುಗೆ ಯಂತ್ರ ನಿಂತಿತ್ತು. ಈಗ ಅದು ಓಣಿ ಓಣಿಗೂ ಬಂದಿದೆ. ಪರದೆಯಿಲ್ಲ, ಎದುರಿನ ಕಟ್ಟೆಯ ಮೇಲೆ ಗಿರಾಕಿಗಳು ಕೂತು ಚಹಾ ಕುಡಿಯುತ್ತಿದ್ದರು. ಬೆಸುಗೆ ಹಾಕುತ್ತಿದ್ದ ತರುಣ ನನ್ನನ್ನು ಗುರುತಿಸಿ ಎದ್ದು ಬಂದ. ನಿಮ್ಮಲ್ಲಿ ಒಬ್ಬನಾಗಿದ್ದವನು.

"ಕಾಕಾ, ನಿಮ್ಮ ಮಾತು ಮರತಿಲ್ಲ ನೋಡ್ರಿ. ಏನರೆ ಆಗ್ಲಿ, ಕರಿ ಗಾಜು ಎತ್ತಂಗಿಲ್ಲ," ಎಂದ.

ಅವನ ತೋಳು ಹಿಡಿದೆ. ಇದಕ್ಕೆ ಕರಿ ಗಾಜು ಅಲ್ಲಪ್ಪ, ಹಸಿರು ಕನ್ನಡಕ ಬೇಕು, ಎದುರಿಗೆ ಕೂತವರಿಗೆ ಪರದೆ ಬೇಕು ಎಂದೆ. ಅಂಗಡಿಯ ಮಾಲಕ ಕೇಳಿಸಿಕೊಂಡು ನಕ್ಕ.

"ಆ ಹಸರು ಕನ್ನಡಕ ಮಷೀನ್ ಜೋಡಿ ಬಂದಿತ್ತು ರೀ. ಬಲ್ಬಿಗಿ ಹಿಡದು ನೋಡಿದ್ರ ಎಲ್ಲಾ ಕಾಣ್ತದ. ಏನ್ ತಡೀತದ ಅದು, ಮಣ್ಣು? ಹೋದ ಹೋಳಿ ಹಬ್ಬಕ್ಕ ಬಣ್ಣ ಆಡ್ಲಕ ನಮ್ಮ ಮಗಾ ಒಯ್ದಾನ."

"ಅದನ್ನೇ ಹಾಕ್ಕೋಬೇಕು ರೀ. ಕರಿದು ಹಾಕಿದ್ರ ಕಣ್ಣು ಹೋಗ್ತದ."

"ಹೌದೇನ್ರಿ? ಐಟಿಐದಾಗ ಗಾಜು ಎತ್ತಿದ್ದಕ್ಕ ಹೋಯ್ತು ಅಂದಿದ್ರಂತ. ಇವತ್ತು ಗಾಜು ಹಾಕಿದ್ದಕ್ಕ ಹೋಯ್ತು ಅಂತೀರಿ. ಯಾವುದು ಖರೇ ಹೇಳ್ರಿ ಮಿಸ್ತ್ರಿ?"

ಕಟ್ಟೆಯ ಮೇಲಿನವರು ನಕ್ಕರು. ನಾನು ಖರೇ ಹೇಳಲಿಲ್ಲ. ಅಲ್ಲಿ, ಅಷ್ಟು ಜನರ ಮುಂದೆ, ನಾನೇ ಕೊಟ್ಟೆ ಎಂಬ ಎರಡು ಮಾತು ಬಾಯಿಂದ ಹೊರಡಲಿಲ್ಲ. ಅವರು ಬೆಸುಗೆ ಮುಂದುವರಿಸಿದರು. ಮತ್ತೆ ಮೂರು ಸಲ ಹೋಗಿ ಹೇಳಿದ್ದೇನೆ. ಈಗ ನನ್ನನ್ನು ಕಂಡರೆ ಮಾಲಕ, "ಬಂತು ನೋಡ್ರಿ ಹಸರು ಕನ್ನಡಕ," ಎನ್ನುತ್ತಾನೆ.

ಮೊದಲು ಖರೇ ಹೇಳಬೇಕಾದ ಜಾಗ ಅದಲ್ಲ ಎಂದು ತಿಳಿದು ಔರಾದಿಗೆ ಹೋದೆ. ಗಿರಣಿ ನಡೆದಿತ್ತು. ಇಬ್ಬರು ಹೆಣ್ಣುಮಕ್ಕಳು ಜೋಳದ ಡಬ್ಬಿ ಹಿಡಿದು ಪಾಳಿಗೆ ನಿಂತಿದ್ದರು. ಧನರಾಜ ಹಿಟ್ಟು ಬೀಳುವಲ್ಲಿ ಕೈಯೊಡ್ಡಿ ಕೂತಿದ್ದ.

"ಸುಶೀಲಾ, ಗಿರಣಿ ಬಂದ್ ಮಾಡು. ಮಾತದ."

"ಜ್ವಾಳ ನಡುವ ಅದ ಅಣ್ಣಾ, ಈಗ ಬಂದ್ ಮಾಡ್ಲಕ ಬರಂಗಿಲ್ಲ. ಹೇಳು, ಕೇಳ್ತದ."

ಹೇಳಿದೆ. ಅವಳಿಗೆ ಕೇಳಿಸಲಿಲ್ಲ. "ಏನಂದಿ?" ಎಂದು ಕಿವಿಗೆ ಕೈ ಹಚ್ಚಿದಳು. ಮೆಲ್ಲಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಕೂಗಬೇಕಾಯಿತು.

"ಧನರಾಜಂದು ತಪ್ಪಿಲ್ಲ! ನಾ ಕೊಟ್ಟ ಗಾಜೇ ತಪ್ಪಿತ್ತು! ಹಸರಂದು ಕೊಡು ಅಂತ ಹೇಳಿದ್ರು, ನಾ ಕರಿದು ಕೊಟ್ಟೆ! ಯಂತ್ರ ನನ್ನ ಕೈಯಾಗೇ ಇತ್ತು!"

ಡಬ್ಬಿ ಹಿಡಿದವರೂ ಕೇಳಿದರು. ಧನರಾಜನ ಅಂಗೈ ತುಂಬಿ ಹಿಟ್ಟು ಸುರಿಯುತ್ತಿತ್ತು, ಅವನು ಕೈ ತೆಗೆಯಲಿಲ್ಲ. ಜೋಳ ತೀರುವವರೆಗೆ ಗಿರಣಿ ಬೀಸಿತು. ಆಮೇಲೆ ಸುಶೀಲಾ ಗುಂಡಿ ಆರಿಸಿದಳು. ತಿರುಗುತ್ತಿದ್ದ ಗಿರಣಿಯ ಪಟ್ಟಾ ನಿಲ್ಲುವುದಕ್ಕೆ ಹೊತ್ತು ಹಿಡಿಯಿತು.

"ಅವ ನಿನ್ನ ಮಾತು ಕೇಳಿದ್ನೇನು?" ಎಂದಳು.

"ಕೇಳಿದ್ದ."

"ನೀ ಕೊಟ್ಟದ್ದೇ ಹಾಕ್ಕೊಂಡಿದ್ದ?"

"ಹೌದು."

"ನೀ ಕಲಿಸಿದಂಗೇ ಎತ್ತಿದ್ದ?"

"ಹೌದವ್ವಾ."

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಯಾರ ಪಾಳಿ ಅದ?" ಎಂದು ಹೆಣ್ಣುಮಕ್ಕಳನ್ನು ಕೇಳಿ ಡಬ್ಬಿ ಇಸಿದುಕೊಂಡಳು. ಊಟ ಮಾಡು ಎನ್ನಲಿಲ್ಲ, ಕೂಡು ಎನ್ನಲಿಲ್ಲ.

ನಾನು ಧನರಾಜನ ಕಡೆ ನೋಡಿದೆ. ಅವನು ಇಷ್ಟು ಹೊತ್ತು ಬಾಗಿಲ ಕಡೆಗೆ ಮುಖ ಮಾಡಿದ್ದ, ಎಂದರೆ ಕಣ್ಣಂಚಿನಿಂದ ನನ್ನನ್ನೇ ನೋಡುತ್ತಿದ್ದ. ಈಗ ನಿಧಾನವಾಗಿ ಮುಖವನ್ನು ತಂದು ನೇರ ನನ್ನ ಕಡೆಗೇ ತಿರುಗಿಸಿ ಇಟ್ಟ. ಗಿರಣಿ ಮತ್ತೆ ಚಾಲೂ ಆಯಿತು. ನಾನು ಹೊಸ್ತಿಲು ದಾಟುವವರೆಗೂ ಅವನು ಹಾಗೇ ನೇರವಾಗಿ ನೋಡುತ್ತಲೇ ಇದ್ದ.